ಎಂಟು ಸಾವಿರಕ್ಕೆ ಒಂದು: ಲಿನ್ ಕೌಂಟಿಯ ಕಾಲುವೆ

ನಮಸ್ಕಾರ. ಚೀನಾದ ಹೆನಾನ್ ಪ್ರಾಂತ್ಯದ ಉತ್ತರದ ತುದಿಯಲ್ಲಿ, ತೈಹಾಂಗ್ ಬೆಟ್ಟಸಾಲಿನ ಪೂರ್ವ ಮಗ್ಗುಲಿಗೆ ಲಿನ್ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥದ್ದು ಎಂದುಕೊಳ್ಳಿ. 1994ರಲ್ಲಿ ಅದು ಲಿನ್‌ಝೌ ನಗರವಾಯಿತು. ನಾನು ಹಳೆಯ ಹೆಸರನ್ನೇ ಬಳಸುತ್ತೇನೆ.

ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಬೇಸಿಗೆಯ ಒಂದೆರಡು ತಿಂಗಳು. ಬಿದ್ದದ್ದರಲ್ಲಿ ಬಹುಪಾಲು ಸುಣ್ಣಕಲ್ಲಿನ ಬಿರುಕಿಗೆ ಇಳಿದುಹೋಗುತ್ತದೆ. ಉತ್ತರದ ಗಡಿಯಲ್ಲಿ ಝಾಂಗ್ ನದಿ ಹರಿಯುತ್ತದೆ, ಆದರೆ ಆಳದ ಕಮರಿಯಲ್ಲಿ. ಕಣ್ಣಿಗೆ ಕಾಣುವ ನೀರು ಹೊಲಕ್ಕೆ ಏರದು. 1950ರ ದಶಕದಲ್ಲಿ ಕೆರೆ, ಕಾಲುವೆ ಕಟ್ಟಿದರು. 1959ರ ಬರಕ್ಕೆ ಹೊಳೆಗಳೇ ಬತ್ತಿದಾಗ ಅವೂ ಖಾಲಿಯಾದವು. ತಪ್ಪು ಕಟ್ಟಡದ್ದಲ್ಲ, ತುಂಬಿಸಲು ನೀರಿನ ಮೂಲವೇ ಇರಲಿಲ್ಲ.

ಹಾಗಾಗಿ ಝಾಂಗ್ ನದಿಯನ್ನು ಮೇಲೆಯೇ ಹಿಡಿಯಬೇಕಾಯಿತು. ಬೇಕಾದ ಎತ್ತರ ಸಿಕ್ಕಿದ್ದು ಪಕ್ಕದ ಷಾಂಕ್ಸಿ ಪ್ರಾಂತ್ಯದ ಪಿಂಗ್‌ಷುನ್ ಕೌಂಟಿಯಲ್ಲಿ. ಕಮ್ಯುನಿಸ್ಟ್ ಪಕ್ಷದ ಕೌಂಟಿ ಕಾರ್ಯದರ್ಶಿ ಯಾಂಗ್ ಗುಯ್ ಮುಂದಾಳತ್ವದಲ್ಲಿ 1960ರ ಫೆಬ್ರುವರಿಯಲ್ಲಿ ಕೆಲಸ ಶುರುವಾಯಿತು. ಅದೇ ಕೆಂಪು ಬಾವುಟ ಕಾಲುವೆ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಮುಖ್ಯ ಕಾಲುವೆಯ ಉದ್ದ 70.6 ಕಿ.ಮೀ., ಇಳಿಜಾರು 8000ಕ್ಕೆ 1. ಎಂಟು ಕಿಲೋಮೀಟರ್ ನಡೆದರೆ ಒಂದು ಮೀಟರ್ ಇಳಿತ. ಇಡೀ ಕಾಲುವೆಗೆ ಒಂಬತ್ತು ಮೀಟರೂ ಇಲ್ಲ. ಹೆಚ್ಚು ಇಳಿಸಿದರೆ ನೀರು ಬೇಗ ಕೆಳಗಾಗಿ ಎತ್ತರದ ಹೊಲಗಳು ಕೈತಪ್ಪುತ್ತವೆ. ಕಡಿಮೆ ಇಳಿಸಿದರೆ ಹರಿವು ನಿಧಾನವಾಗಿ ಹೂಳು ಕೂರುತ್ತದೆ. ಮಟ್ಟ ನೋಡುವವನ ಕಣ್ಣು ಒಂದು ಗೇಣು ತಪ್ಪಿದರೆ ಒಂದು ಕಿಲೋಮೀಟರಿಗಿಂತ ಹೆಚ್ಚಿನ ಇಳಿತ ಹೋದಂತೆ. ಮೊದಲ ತಿಂಗಳು ಹೀಗೇ ಎಡವಟ್ಟಾಯಿತು: ಹತ್ತಾರು ಸಾವಿರ ಜನ ಪೂರ್ತಿ ಉದ್ದಕ್ಕೂ ಹರಡಿಕೊಂಡರು, ಅಳತೆಗಾರರು ಸಾಲಲಿಲ್ಲ, ಕೆಲವೆಡೆ ಗುರುತು ತಪ್ಪಿ ಬಂಡೆ ಸಿಡಿಸಿದರು. ಮಾರ್ಚ್‌ನಲ್ಲಿ ಸಭೆ ಸೇರಿ, ಮೊದಲು ಷಾಂಕ್ಸಿಯೊಳಗಿನ ಭಾಗವನ್ನು ಮುಗಿಸುವುದು, ಆಮೇಲೆ ಮುಂದಿನದು ಎಂದು ತೀರ್ಮಾನಿಸಿದರು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಈ ಹಿಂದೆ ಸರಿದ ನಿರ್ಧಾರವೇ. ಅದೇ ತಿಂಗಳು ತಂತ್ರಜ್ಞ ವು ಝುತಾಯ್ ಸುರಂಗದಲ್ಲಿ ಬಂಡೆ ಕುಸಿದು ಸತ್ತರು, ವಯಸ್ಸು 27.

ಪ್ರಚಾರದ ಕಥೆಗಳು ಹಸಿವಿನ ಮಾತನ್ನು ತೇಲಿಸಿಬಿಡುತ್ತವೆ. ಅವು ಮಹಾ ಕ್ಷಾಮದ ವರ್ಷಗಳು. 1960ರ ಕೊನೆಗೆ ಬಹುಪಾಲು ಜನರನ್ನು ಮನೆಗೆ ಕಳಿಸಿ, ಸುಮಾರು 300 ಯುವಕರನ್ನಷ್ಟೇ 616 ಮೀಟರ್ ಉದ್ದದ ಸುರಂಗಕ್ಕೆ ಉಳಿಸಿಕೊಂಡರು. ಕಲ್ಲು ಎಷ್ಟು ಗಟ್ಟಿಯೆಂದರೆ ಚಾಣ ಮೊಂಡಾಗುತ್ತಿತ್ತು. ಎರಡು ತುದಿಯಿಂದ ಕೊರೆದರೆ ಸಾಲದೆಂದು ಬೆಟ್ಟದ ಪಕ್ಕದಿಂದ ಐದು ಕಿಂಡಿ ತೆಗೆದರು. ಪ್ರತಿ ಕಿಂಡಿಯಿಂದ ಎರಡೂ ದಿಕ್ಕಿಗೆ ಕೊರೆಯಬಹುದು, ಅಲ್ಲಿಗೆ ಹನ್ನೆರಡು ಕಡೆ ಕೆಲಸ. ಹೊಗೆ ಹೊರಹೋಗಲೂ ಅದೇ ದಾರಿ. 1961ರ ಜುಲೈನಲ್ಲಿ ಸುರಂಗ ಕೂಡಿತು.

ಹೊಳೆಯೊಂದು ಅಡ್ಡ ಬಂದ ಕಡೆ ಟೊಳ್ಳು ಅಣೆಕಟ್ಟು ಕಟ್ಟಿದರು: ಕಾಲುವೆ ಅಣೆಯ ಹೊಟ್ಟೆಯೊಳಗೆ, ಪ್ರವಾಹ ಅಣೆಯ ಬೆನ್ನ ಮೇಲೆ. ಎರಡು ನೀರು ಬೆರೆಯುವುದಿಲ್ಲ.

ಮುಖ್ಯ ಕಾಲುವೆಗೆ 1965ರ ಏಪ್ರಿಲ್‌ನಲ್ಲಿ ನೀರು ಬಿಟ್ಟರು, ಕವಲುಗಳು 1969ರಲ್ಲಿ ಮುಗಿದವು. ಸತ್ತವರು 81 ಮಂದಿ. ನದಿಗೆ ಮಾತ್ರ ಹಕ್ಕುದಾರರು ಹೆಚ್ಚುತ್ತಲೇ ಹೋದರು. ಪ್ರಾಂತ್ಯಗಳ ನಡುವಿನ ನೀರಿನ ಜಗಳದಲ್ಲಿ 1992ರ ಆಗಸ್ಟ್‌ನಲ್ಲಿ ಇದೇ ಕಾಲುವೆಯ ಗೋಡೆಗೆ ಸಿಡಿಮದ್ದು ಇಟ್ಟರು.