ಅಂಬರ್ ಅಸಲಿ, ನೊಣವೂ ಅಸಲಿ, ಆದರೂ ಮೋಸ

ನಮಸ್ಕಾರ. ಇವತ್ತು ಒಂದು ನೊಣದ ವಿಷಯ. ಅದೂ ಪಾಯಿಖಾನೆಯಲ್ಲಿ ಹಾರಾಡುವ ಜಾತಿಯದು. ಮುಖ ಸಿಂಡರಿಸಬೇಡಿ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದನ್ನು 1922ರಿಂದ ಜೋಪಾನವಾಗಿ ಇಟ್ಟುಕೊಂಡಿದೆ.

ಮರದ ರಾಳ ಕೋಟ್ಯಂತರ ವರ್ಷ ನೆಲದಡಿ ಕೂತು ಗಟ್ಟಿಯಾದರೆ ಅಂಬರ್. ನಮ್ಮ ನೊಣ ಇರುವ ತುಂಡು ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆಯದು, ಅಲ್ಲಿನ ಅಂಬರ್‌ಗೆ ಸುಮಾರು 4 ಕೋಟಿ ವರ್ಷ. ಒಳಗಿದ್ದದ್ದು ಮಾತ್ರ ಇವತ್ತಿಗೂ ಹಾರಾಡುವ ಪಾಯಿಖಾನೆ ನೊಣ, ಫ್ಯಾನಿಯಾ ಸ್ಕೇಲಾರಿಸ್! 1966ರಲ್ಲಿ ವಿಲ್ಲಿ ಹೆನ್ನಿಗ್, ಅಂದರೆ ಜೀವಿಗಳ ವಂಶವೃಕ್ಷ ಹೇಗೆ ಕಟ್ಟಬೇಕು ಅಂತ ಜೀವಶಾಸ್ತ್ರಕ್ಕೇ ಪಾಠ ಹೇಳಿದ ದೊಡ್ಡ ಮನುಷ್ಯ, ಇದು ನಿಜವಾದ ಪಳೆಯುಳಿಕೆ ಅಂತಲೇ ಬರೆದರು.

1993ರಲ್ಲಿ ಪಳೆಯುಳಿಕೆ ವಿಜ್ಞಾನಿ ಆಂಡ್ರ್ಯೂ ರಾಸ್ ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಾಗ ದೀಪದ ಬಿಸಿಗೆ ನೊಣದ ಸುತ್ತ ಬಿರುಕು ಕಾಣಿಸಿತು. ಯಾರೋ ಪುಣ್ಯಾತ್ಮ ಅಂಬರನ್ನು ಎರಡು ಹೋಳು ಮಾಡಿ, ಗುಳಿ ಕೊರೆದು, ನೊಣ ಕೂರಿಸಿ, ಮತ್ತೆ ಅಂಟಿಸಿದ್ದ. ಎಂಥ ಕೈಚಳಕ ನೋಡಿ!

ಹೆನ್ನಿಗ್‌ರನ್ನು ಆಡಿಕೊಳ್ಳುವುದು ಸುಲಭ, ನಾನು ಆಡಿಕೊಳ್ಳುವುದಿಲ್ಲ. ಅವರು ನೊಣದ ಪಂಡಿತರು, ನೊಣ ನೋಡಿದರು, ನೊಣ ಸರಿಯಾಗೇ ಇತ್ತು. ಅಂಬರೂ ಸರಿ ಇತ್ತು. ಸುಳ್ಳಿದ್ದದ್ದು ಎರಡೂ ಸೇರಿದ ಜಾಗದಲ್ಲಿ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಈಗ ಆನ್‌ಲೈನ್‌ನಲ್ಲಿ ಒಳಗೆ ನೊಣ ಇರೋ ಅಂಬರ್ ಪೆಂಡೆಂಟ್ ಬೇಕಾದಷ್ಟು ಸಿಗುತ್ತವೆ. ಉಪ್ಪು ನೀರಲ್ಲಿ ತೇಲುತ್ತದೆ, ಯುವಿ ಲೈಟಿಗೆ ಹೊಳೆಯುತ್ತದೆ ಅಂತ ವಿಡಿಯೋ ಬೇರೆ ಹಾಕಿರುತ್ತಾರೆ. ಸ್ವಾಮಿ, ಆ ಪರೀಕ್ಷೆ ಹೇಳುವುದು ಅಂಬರ್ ಬಗ್ಗೆ ಮಾತ್ರ. ಲಂಡನ್ ನೊಣ ಕೂತ ಅಂಬರೂ ಅಸಲಿಯೇ ಆಗಿತ್ತಲ್ವಾ? ನೊಣ ಜಾಸ್ತಿ ಚೆಂದ ಇದ್ದರೆ, ಸರಿಯಾಗಿ ನಡುವೆ ಫೋಟೋಗೆ ನಿಂತ ಹಾಗಿದ್ದರೆ, ನಾನಂತೂ ಮೊದಲು ಅನುಮಾನ ಪಡುತ್ತೇನೆ. ಯಾಕೆಂದರೆ ಬಾಲ್ಟಿಕ್ ಅಂಬರಿನಲ್ಲಿ ನಿಜವಾಗಿ ಸಿಕ್ಕಿಬಿದ್ದ ಹುಳುಗಳ ಮೈಗೆ ಎಷ್ಟೋ ಸಲ ಹಾಲಿನಂಥ ಬಿಳಿ ಪೊರೆ ಮೆತ್ತಿಕೊಂಡಿರುತ್ತದೆ, ಪಕ್ಕದಲ್ಲೇ ಗಾಳಿಗುಳ್ಳೆ ಇರುತ್ತದೆ.

ನನಗೆ ನಂಬಿಕೆ ಬರುವುದು ಗುಜರಾತಿನ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಂಥ ಕಡೆ ಸಿಕ್ಕಿದ್ದರ ಮೇಲೆ. 2010ರಲ್ಲಿ ಬಂದ ಅಧ್ಯಯನಕ್ಕೆ ವಿಜ್ಞಾನಿಗಳು ಸುಮಾರು 150 ಕೆಜಿ ಅಂಬರ್ ಜಾಲಾಡಿದರು, 5 ಕೋಟಿ ವರ್ಷ ಹಳೆಯ ಹುಳುಹುಪ್ಪಟೆ 700ರಷ್ಟು ಸಿಕ್ಕವು. ಅಲ್ಲಿ ಪ್ರತಿ ತುಂಡಿಗೂ ಊರು ಗೊತ್ತು, ಗಣಿ ಗೊತ್ತು.

ಮಾರುವವನಿಗೆ ಅದನ್ನೇ ಕೇಳಿ: ಯಾವ ಗಣಿ, ಯಾರು ತೆಗೆದದ್ದು? ಸರ್ಟಿಫಿಕೇಟ್ ಇದೆ ಸಾರ್ ಅಂತ ಸುಮ್ನೆ ರಾಗ ಎಳೆದರೆ, ದುಡ್ಡು ಜೇಬಲ್ಲೇ ಇರಲಿ.