ಸಿನಿಮಾ ನೋಡಿದರೆ ಪುಸ್ತಕ ಓದಿದ ಹಾಗಲ್ಲ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಮೊನ್ನೆ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯವರ ಹತ್ತಿರ ತರಾಸು ಕಾದಂಬರಿಗಳ ಮಾತು ತೆಗೆದೆ. ಅವರು ಹೇಳಿದರು, "ಪುಸ್ತಕ ಯಾಕೆ ಸ್ವಾಮಿ? ‘ನಾಗರಹಾವು’ ಹತ್ತು ಸಲ ನೋಡಿದ್ದೀನಲ್ಲ!"

ನೋಡಿದ್ದೀರಿ. ಓದಿಲ್ಲ. ಅದು ಬೇರೆ, ಇದು ಬೇರೆ.

1972ರ ಆ ಸಿನಿಮಾ ಬಂದಿದ್ದು ಒಂದು ಕಾದಂಬರಿಯಿಂದ ಅಲ್ಲ, ಮೂರರಿಂದ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರು ಕಾದಂಬರಿ ಸುಮಾರು ಮೂರು ಗಂಟೆಗೆ ಇಳಿಯಬೇಕಾದರೆ ಎಷ್ಟು ಬಿಟ್ಟುಹೋಗಿರಬೇಕು, ನೀವೇ ಹೇಳಿ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತರಾಸು ಅವರೇ ಬೇಸರಪಟ್ಟರು. ನನಗೆ ಆ ಸಿನಿಮಾ ಪ್ರಾಣ. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಬಂದರೆ ಈಗಲೂ ಗಂಟಲು ಕಟ್ಟುತ್ತದೆ. ಆದರೂ ಅದರ ನಾಯಕ ಪುಟ್ಟಣ್ಣನವರ ರಾಮಾಚಾರಿ. ತರಾಸು ಅವರ ರಾಮಾಚಾರಿ ಪುಸ್ತಕದಲ್ಲೇ ಇದ್ದಾನೆ. ಅವನನ್ನು ನೀವು ಇನ್ನೂ ಭೇಟಿಯೇ ಆಗಿಲ್ಲ!

ಅನಂತಮೂರ್ತಿಯವರ ‘ಸಂಸ್ಕಾರ’ ತಗೊಳ್ಳಿ. ಕಾದಂಬರಿ 1965ರದ್ದು, ಸಿನಿಮಾ 1970ರದ್ದು. ಮಾಲೇರ ಪುಟ್ಟನ ಜೊತೆ ಜಾತ್ರೆ ಸುತ್ತುವಾಗ ಕಥಾನಾಯಕ ಪ್ರಾಣೇಶಾಚಾರ್ಯರ ಮನಸ್ಸಿನಲ್ಲಿ ಏಳುವ ಭಯ, ಆಸೆ, ನಾಚಿಕೆ ಪುಟಗಟ್ಟಲೆ ಓಡುತ್ತದೆ. ಕ್ಯಾಮೆರಾಗೆ ಸಿಗುವುದು ಗಿರೀಶ್ ಕಾರ್ನಾಡರ ಮುಖ. ಒಳ್ಳೆಯ ಮುಖವೇ. ಆದರೆ ಆ ತಲೆಯೊಳಗೆ ಹೋಗಿ ಕೂರಬೇಕು ಅಂದರೆ ಓದಬೇಕು. ಬೇರೆ ದಾರಿ ಇಲ್ಲ.

"ಟೈಮ್ ಇಲ್ಲ" ಅಂತೀರಾ? ಸುಮ್ನೆ ಹೇಳಬೇಡಿ. ‘ತಬರನ ಕಥೆ’ ಒಂದು ಸಣ್ಣ ಕಥೆ. ಸಿನಿಮಾ ಮುಗಿಯುವಷ್ಟರಲ್ಲಿ ಕಥೆ ಓದಿ, ಕಾಫಿ ಕುಡಿದು, ಇನ್ನೊಂದು ಕಥೆ ಶುರು ಮಾಡಬಹುದು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಅನ್ನೋ ಒಂದೇ ಸಂಕಲನದಲ್ಲಿ ಅದಿದೆ, ‘ಕುಬಿ ಮತ್ತು ಇಯಾಲ’ ಇದೆ, ‘ಡೇರ್ ಡೆವಿಲ್ ಮುಸ್ತಾಫಾ’ ಇದೆ, ಸಂಕಲನದ ಹೆಸರಿನದೇ ಕಥೆಯೂ ಇದೆ. ನಾಲ್ಕೂ ಸಿನಿಮಾ ಆಗಿವೆ! ಅಲ್ಲಿ ಮೂರು ಪುಸ್ತಕಕ್ಕೆ ಒಂದು ಸಿನಿಮಾ, ಇಲ್ಲಿ ಒಂದು ಪುಸ್ತಕಕ್ಕೆ ನಾಲ್ಕು. ಇನ್ನು ಇದು ಅದೇ ಅಂತ ಹೇಗೆ ಹೇಳ್ತೀರಿ? 2023ರ ಮುಸ್ತಾಫಾ ಸಿನಿಮಾಕ್ಕೆ ದುಡ್ಡು ಹಾಕಿದವರೇ ತೇಜಸ್ವಿ ಅಭಿಮಾನಿಗಳು. ಓದಿದವರು ಇದ್ದಿದ್ದಕ್ಕೆ ಆ ಸಿನಿಮಾ ಬಂತು, ಅಲ್ವಾ?

ಇಷ್ಟು ಹೇಳಿದ ಮೇಲೂ "ಎರಡೂ ಒಂದೇ" ಅನ್ನುವವರಿದ್ದಾರೆ. ಮದುವೆ ವಿಡಿಯೊ ನೋಡಿದರೆ ಊಟ ಮಾಡಿದ ಹಾಗಾ? ಹೋಳಿಗೆ ಬಾಯಿಗೆ ಬಂತಾ? ಇಲ್ಲ. ಇಲ್ಲ ಅಂದರೆ ಇಲ್ಲ. ನೋಡಿದ್ದು ಓದಿದ್ದಲ್ಲ!

ಚಾನೆಲ್‌ಗೆ ಹೊಸಬರಾದರೆ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ಭಾನುವಾರ ‘ತಬರನ ಕಥೆ’ಯನ್ನು ಒಟ್ಟಿಗೆ ಕೂತು ಓದೋಣ. ಅಷ್ಟರಲ್ಲಿ ಪುಸ್ತಕ ತಂದಿಟ್ಟುಕೊಳ್ಳಿ. ಸಿನಿಮಾ ಆಮೇಲೆ ನೋಡಿದರಾಯಿತು.