ಅಡೇನಿಯಂ: ಮಂಗಳೂರಿನ ಮಳೆಗೂ ಕಲಬುರಗಿಯ ಬಿಸಿಲಿಗೂ

ಎಲ್ಲರಿಗೂ ನಮಸ್ಕಾರ.

ದಪ್ಪ ಬುಡದ ಹೂಗಿಡ ಅಡೇನಿಯಂ (ಡೆಸರ್ಟ್ ರೋಸ್) ಸತ್ತರೆ ಎಲ್ಲರೂ ಕೊಡುವ ಕಾರಣ ಒಂದೇ, ನೀರು ಜಾಸ್ತಿಯಾಯಿತು ಅಂತ. ಅದು ಅರ್ಧ ನಿಜ. ಬೇರು ಬೆಚ್ಚಗಿದ್ದಾಗ ಈ ಗಿಡ ಚೆನ್ನಾಗಿ ನೀರು ಕುಡಿಯುತ್ತದೆ. ಬೇರು ತಣ್ಣಗಾದರೆ ಹೀರುವುದನ್ನು ನಿಲ್ಲಿಸುತ್ತದೆ; ಹಾಗೇ ಉಳಿದ ತೇವದಲ್ಲಿ ಶಿಲೀಂಧ್ರ ಹಬ್ಬಿ ಬುಡ ಕೊಳೆಯುತ್ತದೆ. ಚಳಿ ಮತ್ತು ತೇವ ಜೊತೆಗೂಡಬಾರದು. ಊರು ಯಾವುದಾದರೂ ಆರೈಕೆ ಇಲ್ಲಿಂದಲೇ ಶುರು.

ಇದರ ತವರು ಸಹಾರಾದ ದಕ್ಷಿಣದ ಒಣನಾಡು, ಪೂರ್ವ ಆಫ್ರಿಕಾ ಮತ್ತು ಅರೇಬಿಯಾ. ಕನ್ನಡಿಗರು ಬಹಳ ಮಂದಿ ದುಡಿಯುವ ಒಮಾನ್‌ನಲ್ಲಿ, ಸಲಾಲಾ ಹತ್ತಿರದ ಧೋಫಾರ್ ಬೆಟ್ಟಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಅಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಕಾಲ: ಮಂಜು, ತುಂತುರು. ಅಂದರೆ ಮಳೆಗಾಲ ಈ ಗಿಡಕ್ಕೆ ಹೊಸದಲ್ಲ, ಬೇರಿನಲ್ಲಿ ನಿಲ್ಲುವ ನೀರು ಮಾತ್ರ ಆಗದು.

ಹಾಗಾಗಿ ಕುಂಡದ ಮಿಶ್ರಣದಲ್ಲಿ ರಾಜಿ ಬೇಡ. ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು 4 ಪಾಲು, ದಪ್ಪ ಮರಳು 3, ಚೆನ್ನಾಗಿ ಕಳಿತ ಕಾಂಪೋಸ್ಟ್ 2, ಇದ್ದಿಲು ಚೂರು 1. ಇಟ್ಟಿಗೆಯನ್ನೂ ಮರಳನ್ನೂ ಜರಡಿ ಹಿಡಿದು ಪುಡಿ ತೆಗೆಯಲೇಬೇಕು. ಆ ಪುಡಿಯೇ ತಳಕ್ಕಿಳಿದು ತೂತು ಮುಚ್ಚುತ್ತದೆ. ನೀರು ಹುಯ್ದ ತಕ್ಷಣ ತಳದಿಂದ ಹರಿಯಬೇಕು. ಮೇಲೆ ನಿಂತರೆ ಮಿಶ್ರಣ ಸರಿಯಿಲ್ಲ.

ಕರಾವಳಿ, ಮಲೆನಾಡಿನವರು ಕಾಂಪೋಸ್ಟನ್ನು 1 ಪಾಲಿಗೆ ಇಳಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಲೇಬೇಡಿ. ಮುಂಗಾರು ಹಿಡಿಯುವ ಮುಂಚೆ ಕುಂಡಗಳನ್ನು ಪಾರದರ್ಶಕ ಶೀಟಿನ ಕೆಳಗೆ, ಇಟ್ಟಿಗೆಗಳ ಮೇಲೆ ಇಡಿ. ಕುಂಡದ ಕೆಳಗೆ ತಟ್ಟೆ ಬೇಡ. ಮೇ ಮಧ್ಯದ ನಂತರ ಕುಂಡ ಬದಲಿಸುವುದು, ಬೇರು ಕತ್ತರಿಸುವುದು ಬೇಡ, ಹಸಿ ಗಾಯ ಆ ತೇವದಲ್ಲಿ ಒಣಗದು.

ಕಲಬುರಗಿ, ರಾಯಚೂರಿನಲ್ಲಿ ಕಥೆ ತಿರುಗುಮುರುಗು. 40 ಡಿಗ್ರಿ ದಾಟಿದಾಗ ಎಲೆ ತಡೆದುಕೊಳ್ಳುತ್ತದೆ, ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಬೇರು ಬೇಯುತ್ತದೆ. ಮಣ್ಣಿನ ಕುಂಡ ಬಳಸಿ, ಕುಂಡದ ಪಡುವಣ ಬದಿಗೆ ನೆರಳು ಮಾಡಿ. ಕಳ್ಳಿಯಂತೆ ಒಣಗಿಸಬೇಡಿ, ಮೇಲಿನ ಮಿಶ್ರಣ ಒಣಗಿದಾಗೆಲ್ಲ, ಬೇಸಿಗೆಯಲ್ಲಿ ದಿನವೂ ಆದೀತು, ತಳದಿಂದ ಹರಿಯುವಷ್ಟು ನೀರು ಕೊಡಿ.

ಬೆಂಗಳೂರು, ಮೈಸೂರಿನಲ್ಲಿ ತೊಂದರೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಎಲೆ ಹಳದಿಯಾಗಿ ಉದುರುತ್ತದೆ. ಬಾಯಾರಿಕೆ ಅಂದುಕೊಂಡು ನೀರು ಹಾಕುತ್ತಾರೆ, ಗಿಡ ಹೋಗುವುದು ಅಲ್ಲೇ. ಅದು ವಿಶ್ರಾಂತಿ. ಕುಂಡ ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ ಸ್ವಲ್ಪ ನೀರು ಸಾಕು. ಯೂರೋಪು, ಅಮೆರಿಕದ ಚಳಿನಾಡಿನಲ್ಲಿರುವವರು ರಾತ್ರಿಯ ಉಷ್ಣತೆ 12 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತಂದು, ಎಲೆ ಉದುರಿದ ಗಿಡವನ್ನು ಬಹುಪಾಲು ಒಣಗಿಸಿಯೇ ಇಡಬೇಕು. ಹಿಮ ಬಿದ್ದರೆ ಉಳಿಯದು.

ಮರದಂಥ ದಪ್ಪ ಬುಡ ಬೇಕಿದ್ದರೆ ಬೀಜದ ಗಿಡ ಆರಿಸಿ. ಕಡ್ಡಿಯಿಂದ ಬಂದದ್ದಕ್ಕೆ ಅಂಥ ಬುಡ ಕೂರುವುದು ಕಷ್ಟ. ಪ್ರತಿ ಸಲ ಕುಂಡ ಬದಲಿಸುವಾಗ ಬುಡವನ್ನು 2 ಸೆಂ.ಮೀ.ಯಷ್ಟು ಮೇಲೆತ್ತಿ ನೆಟ್ಟರೆ ಬೇರುಗಳ ಚೆಲುವು ಕಾಣುತ್ತದೆ. ಕೊಂಬೆ ಸವರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಅದಕ್ಕೇ ಸವರದ ಗಿಡದಲ್ಲಿ ಹೂ ಕಡಿಮೆ. ದಿನಕ್ಕೆ 6 ಗಂಟೆ ನೇರ ಬಿಸಿಲೂ ಬೇಕು.

ಬುಡ ಮೆತ್ತಗಾದರೆ ಗಾಬರಿಯಾಗುವ ಮೊದಲು ಸುತ್ತಲೂ ಒತ್ತಿ ನೋಡಿ. ಎಲ್ಲ ಕಡೆ ಒಂದೇ ಸಮ ಕುಗ್ಗಿ, ತೊಗಟೆ ಸುಕ್ಕಾಗಿದ್ದು ಬೇರು ಗಟ್ಟಿಯಿದ್ದರೆ ಬಾಯಾರಿಕೆ. ಒಂದೇ ಕಡೆ ಬೆರಳು ಒಳಗಿಳಿದು ಕಂದು ರಸ ಒಸರಿದರೆ ಕೊಳೆ. ಕೂಡಲೇ ಗಿಡ ಕೀಳಿ. ಕಣಗಿಲೆಯ ಕುಟುಂಬದ್ದಾದ ಇದರ ಹಾಲು ಹೃದಯಕ್ಕೆ ವಿಷ, ಆಫ್ರಿಕಾದಲ್ಲಿ ಬಾಣದ ತುದಿಗೆ ಬಳಿಯುತ್ತಿದ್ದದ್ದು. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ, ಒಂದು ಕಂದು ಚುಕ್ಕೆಯೂ ಉಳಿಯದೆ ಬಿಳಿ ತಿರುಳು ಕಾಣುವವರೆಗೆ ಕೊಯ್ಯುತ್ತಾ ಹೋಗಿ, ನಡುವೆ ಮತ್ತೆ ಮತ್ತೆ ಚಾಕು ಒರೆಸಿ. ಗಾಯಕ್ಕೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಪುಡಿ ಹಚ್ಚಿ, ಗಾಳಿಯಾಡುವ ನೆರಳಲ್ಲಿ 7ರಿಂದ 10 ದಿನ ಒಣಗಿಸಿ. ಆಮೇಲೆ ಒಣ ಮಿಶ್ರಣದಲ್ಲಿ ನೆಟ್ಟು, ಇನ್ನೊಂದು ವಾರ ಕಳೆದು ಮೊದಲ ನೀರು ಕೊಡಿ.